ಮಾವನವರಿಗೂ ನನಗೂ ಒಗ್ಗುವ ರಾಕ್ ಸಂಗೀತ: ಸಾಗರದ ದಾರಿಗೆ ಏನು ಹಾಕಲಿ?

ಸ್ಟೇರಿಂಗ್ ಸೀನ
ನಮಸ್ಕಾರ ಎಲ್ಲರಿಗೂ. ಸಮಸ್ಯೆ ಸಣ್ಣದು, ಆದರೆ ಎಂಟು ಗಂಟೆ ಉದ್ದ. ಬರುವ ಶುಕ್ರವಾರ ಬೆಂಗಳೂರಿನಿಂದ ಸಾಗರಕ್ಕೆ ಕಾರಲ್ಲಿ ಹೊರಟಿದ್ದೇವೆ. ಪಕ್ಕದ ಸೀಟಲ್ಲಿ ಮಾವನವರು. ವಯಸ್ಸು ಎಪ್ಪತ್ತೆರಡು. ಹುಡುಗರಾಗಿದ್ದಾಗ ನಾಲ್ಕು ವರ್ಷ ಮೃದಂಗ ಕಲಿತವರು, ಕಿವಿ ಬಹಳ ಚುರುಕು. ಹೋದ ಸಲ ನಾನು ಲೆಡ್ ಜೆಪ್ಲಿನ್ ಹಾಕಿದ್ದೆ. ತಿಪಟೂರು ದಾಟುವ ಹೊತ್ತಿಗೆ ಮೆಲ್ಲಗೆ ಕೇಳಿದರು, "ಈ ಮನುಷ್ಯನಿಗೆ ಎಲ್ಲಾದರೂ ನೋವಿದೆಯೇನಪ್ಪಾ?" ಅಲ್ಲಿಂದ ಊರು ಮುಟ್ಟುವವರೆಗೂ ಭೀಮಸೇನ ಜೋಶಿ. ಜೋಶಿಯವರ ಬಗ್ಗೆ ನನ್ನ ತಕರಾರಿಲ್ಲ, ಕೈ ಮುಗಿಯುತ್ತೇನೆ. ಆದರೆ ಗಾಡಿ ಓಡಿಸುವವನು ನಾನು, ಮಧ್ಯಾಹ್ನದ ಬಿಸಿಲಲ್ಲಿ ವಿಲಂಬಿತ ಕೇಳಿದರೆ ಕಣ್ಣು ಎಳೆಯುತ್ತದೆ.

ಅದಕ್ಕೇ ಒಂದು ಉಪಾಯ ಹೊಳೆಯಿತು. ರಾಕ್‌ನವರೇ ಬೇರೆ ದೇಶದ ಸಂಗೀತದ ಕಡೆ ಹೋಗಿ ಮಾಡಿದ ಆಲ್ಬಂಗಳು ಇವೆಯಲ್ಲ, ಭಾರತ, ಆಫ್ರಿಕಾ, ಕ್ಯೂಬಾ, ಯಾವುದಾದರೂ ಸರಿ. ಷರತ್ತು ಎರಡೇ. ನನಗೆ ನಿದ್ದೆ ಬರಬಾರದು. ಅವರ ಕೈ ಬಟನ್ ಕಡೆ ಹೋಗಬಾರದು.

ಇನ್ನೊಂದು ಮಾತು. ಮಾವನವರ ವಾದ ಏನೆಂದರೆ, "ಇವರೆಲ್ಲ ಸಿತಾರ್ ಹಾಕುವುದು ಉಪ್ಪಿಟ್ಟಿಗೆ ಕರಿಬೇವು ಹಾಕಿದ ಹಾಗೆ. ತಿನ್ನುವಾಗ ಬದಿಗೆ ತೆಗೆದಿಟ್ಟರೂ ಉಪ್ಪಿಟ್ಟು ಉಪ್ಪಿಟ್ಟೇ." ಇದಕ್ಕೆ ಉತ್ತರ ಕೊಡುವಂಥದ್ದು ಯಾವುದಾದರೂ ಇದ್ದರೆ ಹೇಳಿ.

ಹಳೇ ಕ್ಯಾಸೆಟ್
ಇದರಲ್ಲಿ ಯೋಚನೆ ಮಾಡುವುದೇನಿದೆ? ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್. 1965, ನಾರ್ವೇಜಿಯನ್ ವುಡ್ ಹಾಡಿನ ಸಿತಾರ್. ರಾಕ್‌ಗೆ ಭಾರತವನ್ನು ತಂದ ಮೊದಲಿಗ ಆತನೇ. ಮುಗಿಯಿತು.

ತಂತಿ ಹರಿದವ
ಮುಗಿಯಲಿಲ್ಲ ಸಾರ್. ನಾರ್ವೇಜಿಯನ್ ವುಡ್ ಬಂದಿದ್ದು 1965ರ ಡಿಸೆಂಬರ್. ಅದೇ ವರ್ಷ ಜುಲೈನಲ್ಲೇ ಕಿಂಕ್ಸ್ ಬ್ಯಾಂಡಿನವರ ಸೀ ಮೈ ಫ್ರೆಂಡ್ಸ್ ಹಾಡು ಬಂದಿತ್ತು. ಆಸ್ಟ್ರೇಲಿಯಾಗೆ ಹೋಗುವ ದಾರಿಯಲ್ಲಿ ಅವರ ಹಾಡುಗಾರ ರೇ ಡೇವಿಸ್ ಬಾಂಬೆಯಲ್ಲಿ ಇಳಿದಿದ್ದ. ಬೆಳಗಿನ ಜಾವ ಮೀನುಗಾರರು ಹಾಡಿಕೊಂಡು ಹೋಗುವುದು ಕೇಳಿಸಿತಂತೆ, ಅದೇ ತಲೆಯಲ್ಲಿ ಉಳಿದು ಹಾಡಾಯಿತು. ಯಾರ್ಡ್‌ಬರ್ಡ್ಸ್ ಕೂಡ ಅದೇ ವರ್ಷ ಒಂದು ಹಾಡಿಗೆ ಸಿತಾರ್ ನುಡಿಸುವವರನ್ನು ಸ್ಟುಡಿಯೋಗೆ ಕರೆಸಿದ್ದರು. ಅದು ಸರಿಹೋಗದೆ ಅವರ ಗಿಟಾರಿಸ್ಟ್ ಜೆಫ್ ಬೆಕ್ ಗಿಟಾರ್‌ನಲ್ಲೇ ಆ ನಾದ ತೆಗೆದ.

ಹಳೇ ಕ್ಯಾಸೆಟ್
ಕಿಂಕ್ಸ್ ಹಾಡಲ್ಲಿ ಸಿತಾರೇ ಇಲ್ಲವಲ್ಲ. ಗಿಟಾರಲ್ಲಿ ಒಂದು ತಂತಿ ಗುಂಯ್ ಅನ್ನಿಸಿಬಿಟ್ಟರೆ ಭಾರತ ಆಗುತ್ತದಾ?

ತಂತಿ ಹರಿದವ
ಶ್ರುತಿ ಹಿಡಿಯುವುದೇ ಮೊದಲ ಪಾಠ ಅಲ್ವಾ? ಯಾವ ಮೇಷ್ಟ್ರನ್ನು ಬೇಕಾದರೂ ಕೇಳಿ.

ಪಿಟೀಲು ಪುಟ್ಟಿ
ಮೊದಲು ಯಾರು ಅನ್ನುವ ಜಗಳ ಬಿಡಿ. ಸೀನ ಅವರ ಮಾವ ಕೇಳುತ್ತಿರುವುದು ಕರಿಬೇವಾ, ಒಗ್ಗರಣೆಯಾ ಅಂತ. ನಾರ್ವೇಜಿಯನ್ ವುಡ್ ಕರಿಬೇವೇ, ಒಪ್ಪಿಕೊಳ್ಳೋಣ. ಗಿಟಾರ್ ನುಡಿಸುವ ಕೈಯಲ್ಲೇ ಸಿತಾರ್ ಮೀಟಿದ್ದಾನೆ. ರವಿಶಂಕರ್ ಅವರಿಗೂ ಅದು ಏನೂ ಅನ್ನಿಸಿರಲಿಲ್ಲ. ಆದರೆ ಆಮೇಲೆ ಹ್ಯಾರಿಸನ್ ಸುಮ್ಮನೆ ಕೂರಲಿಲ್ಲ. 1966ರಲ್ಲಿ ಆರು ವಾರ ಭಾರತಕ್ಕೆ ಬಂದು ರವಿಶಂಕರ್ ಹತ್ತಿರ ಪಾಠ ಹೇಳಿಸಿಕೊಂಡ, ಬಾಂಬೆಯಲ್ಲಿ ಒಂದಷ್ಟು ದಿನ, ಶ್ರೀನಗರದ ದೋಣಿಮನೆಯಲ್ಲಿ ಒಂದಷ್ಟು ದಿನ. ಆಗ ಬೀಟಲ್ಸ್ ಅಂದರೆ ಪ್ರಪಂಚವೇ ತಲೆ ಮೇಲೆ ಹೊತ್ತುಕೊಂಡಿದ್ದ ಕಾಲ. ಅಂಥವನು ನೆಲದ ಮೇಲೆ ಕಾಲು ಮಡಿಸಿ ಕೂತು ಸರಳೆ ನುಡಿಸಿದ.

ನನಗೆ ಅದಕ್ಕಿಂತ ಇಷ್ಟವಾಗುವುದು ಅವನು ಬಿಟ್ಟ ರೀತಿ. 1968ರ ಹೊತ್ತಿಗೆ ಅವನಿಗೇ ಗೊತ್ತಾಯಿತು, ಈ ಜನ್ಮದಲ್ಲಿ ತಾನು ದೊಡ್ಡ ಸಿತಾರ್ ವಾದಕ ಆಗುವುದಿಲ್ಲ ಅಂತ. ಸಿತಾರ್ ಕೆಳಗಿಟ್ಟು ಗಿಟಾರ್‌ಗೆ ವಾಪಸ್ ಹೋದ. ಆಮೇಲೆ ಅವನು ಸ್ಲೈಡ್ ಗಿಟಾರ್ ಎಳೆಯುವುದು ಕೇಳಿ, ಸಿತಾರ್‌ನ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಅಲ್ಲೇ ಇದೆ. ನಾನು ಹನ್ನೊಂದು ವರ್ಷ ಪಿಟೀಲು ಕಲಿತು ಬಿಟ್ಟವಳು. ಬಿಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಮಾವನವರಿಗೆ ಚಾಂಟ್ಸ್ ಆಫ್ ಇಂಡಿಯಾ ಹಾಕಿ. 1997ರದ್ದು. ರವಿಶಂಕರ್ ಸಂಯೋಜನೆ, ನಿರ್ಮಾಣ ಹ್ಯಾರಿಸನ್. ಒಂದಷ್ಟು ಚೆನ್ನೈಯಲ್ಲಿ, ಒಂದಷ್ಟು ಇಂಗ್ಲೆಂಡಿನ ಹ್ಯಾರಿಸನ್ ಮನೆಯಲ್ಲಿ ರೆಕಾರ್ಡ್ ಮಾಡಿದ್ದು. ಪೂರ್ತಿ ವೇದಮಂತ್ರ, ಶ್ಲೋಕ. ಬೆಳಿಗ್ಗೆ ಹೊರಡುವಾಗ ಹಾಕಿದರೆ ಮಾವ ನಿಮಗೆ ಇಡೀ ದಿನ ರಿಯಾಯಿತಿ ಕೊಡುತ್ತಾರೆ.

ಬಾಲ್ಕನಿ ಗಿಟಾರ್
ಹ್ಯಾರಿಸನ್ ಅಂದಾಗ ನೆನಪಾಯಿತು. 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ. ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಕೂತು ಶ್ರುತಿ ಮಾಡಿಕೊಂಡರು. ಮುಗಿಯುತ್ತಿದ್ದ ಹಾಗೆ ಜನ ಜೋರಾಗಿ ಚಪ್ಪಾಳೆ! ಶ್ರುತಿ ಮಾಡಿದ್ದೇ ಇಷ್ಟು ಇಷ್ಟವಾಗಿದ್ದರೆ ನುಡಿಸುವುದು ಇನ್ನೂ ಇಷ್ಟವಾದೀತು ಅಂತ ರವಿಶಂಕರ್ ನಗುತ್ತಾ ಹೇಳಿದರು. ಈಗಲೂ ನಮ್ಮ ಆಫೀಸ್ ಬ್ಯಾಂಡಲ್ಲಿ ಯಾರಾದರೂ ಟ್ಯೂನ್ ಮಾಡಿದರೆ ನಾವು ಚಪ್ಪಾಳೆ ಹೊಡೆಯುತ್ತೇವೆ.

ಸುಮ್ನೆ ಓದುವವ
ನಮ್ಮನೆಯಲ್ಲಿ ಕರಿಬೇವು ತಿನ್ನುತ್ತೇವೆ. ಬದಿಗಿಟ್ಟರೆ ಅಜ್ಜಿ ಬೈಯುತ್ತಾರೆ.

ಬೇ ಏರಿಯಾ ಬೋರ
ಮೃದಂಗ ಕಲಿತವರಿಗೆ ಸಿತಾರ್ ಯಾಕೆ ಕೊಡುತ್ತೀರಿ? ತಾಳ ಕೊಡಿ. ಗ್ರೇಟ್‌ಫುಲ್ ಡೆಡ್ ಡ್ರಮ್ಮರ್ ಮಿಕ್ಕಿ ಹಾರ್ಟ್ ಮಾಡಿದ ಪ್ಲಾನೆಟ್ ಡ್ರಮ್, 1991. ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ, ನೈಜೀರಿಯಾದ ಒಲಾತುಂಜಿ, ಬ್ರೆಜಿಲ್‌ನ ಐರ್ಟೋ. ಗ್ರ್ಯಾಮಿಯಲ್ಲಿ ವರ್ಲ್ಡ್ ಮ್ಯೂಸಿಕ್ ಅಂತ ಪ್ರಶಸ್ತಿ ಶುರು ಮಾಡಿದ ವರ್ಷ ಮೊದಲು ಗೆದ್ದಿದ್ದು ಇದೇ. ಹಾರ್ಟ್ ಇದರಲ್ಲಿ ನಾಯಕನ ಥರ ಮುಂದೆ ಬಂದು ಕುಣಿಯುವುದಿಲ್ಲ. ಎಲ್ಲರ ನಡುವೆ ಕೂತು ಬಾರಿಸುತ್ತಾನೆ. ಅದೇ ನನಗೆ ಹಿಡಿಸಿದ್ದು.

ಹಾಗೇ ಶಕ್ತಿ. ಜಾನ್ ಮೆಕ್‌ಲಾಫ್ಲಿನ್ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಕಿವಿ ಕಿತ್ತುಹೋಗುವ ಹಾಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದವನು. ಆಮೇಲೆ ವೈರ್ ಕಿತ್ತುಹಾಕಿ, ಎಲ್. ಶಂಕರ್ ಪಿಟೀಲು, ಜಾಕಿರ್, ವಿಕ್ಕು ಜೊತೆ ಚಾಪೆ ಮೇಲೆ ಕೂತ. ಅದಕ್ಕೆ ಮೊದಲು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಪಾಠ ಆಗಿತ್ತು. 1976ರ ಮೊದಲ ಆಲ್ಬಂ ಹಾಕಿ, ತನಿ (ತಾಳವಾದ್ಯಗಳು ಮಾತ್ರ ನುಡಿಯುವ ಭಾಗ) ಬಂದಾಗ ಮಾವನವರ ಮುಖ ನೋಡಿ.

ಹಳೇ ಕ್ಯಾಸೆಟ್
ಮೆಕ್‌ಲಾಫ್ಲಿನ್ ಜಾಝ್. ರಾಕ್ ಅಲ್ಲ.

ಬೇ ಏರಿಯಾ ಬೋರ
ಮಹಾವಿಷ್ಣು ಆರ್ಕೆಸ್ಟ್ರಾನ ಫುಲ್ ವಾಲ್ಯೂಮ್‌ನಲ್ಲಿ ಕೇಳಿ, ಆಮೇಲೆ ಮಾತಾಡೋಣ. ರಾಕ್‌ನವರೇ ಬೇಕು ಅಂದರೆ ಜರ್ನಿ ಬ್ಯಾಂಡಿನ ಡ್ರಮ್ಮರ್ ಸ್ಟೀವ್ ಸ್ಮಿತ್ ತಗೊಳ್ಳಿ. ಕ್ರೀಡಾಂಗಣಗಳಲ್ಲಿ ಡ್ರಮ್ಸ್ ಬಾರಿಸಿದವನು ಐವತ್ತರ ಆಚೀಚೆ ಕೊನ್ನಕ್ಕೋಲ್ ಕಲಿಯಲು ಕೂತ. ತಕದಿಮಿ ತಕಜುಣು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಬಾರಿಸುವ ವಿಡಿಯೋಗಳಿವೆ.

ಲೀಡ್ಸ್ ಕನ್ನಡಿಗ
ಇಷ್ಟು ಹೊತ್ತಾದರೂ ಯಾರೂ ಪೀಟರ್ ಗೇಬ್ರಿಯಲ್ ಹೆಸರು ಎತ್ತಲಿಲ್ಲವಲ್ಲ ಮಾರಾಯ್ರೆ! ಉಳಿದವರು ಒಂದು ಆಲ್ಬಂ ಮಾಡಿ ಮನೆಗೆ ಹೋದರು. ಈತ ಅಂಗಡಿಯನ್ನೇ ತೆರೆದ, ದಿವಾಳಿಯ ಅಂಚಿಗೂ ಹೋದ.

ಕತೆ ಹೀಗಿದೆ. 1982ರ ಜುಲೈ, ಇಂಗ್ಲೆಂಡಿನ ಶೆಪ್ಟನ್ ಮ್ಯಾಲೆಟ್ ಎಂಬ ಊರಲ್ಲಿ ವೋಮ್ಯಾಡ್ ಎಂಬ ಮೇಳ ಮಾಡಿದರು. ಬುರುಂಡಿಯ ಡೋಲಿನವರು ಒಂದು ಕಡೆ, ಎಕೋ ಅಂಡ್ ದಿ ಬನ್ನಿಮೆನ್ ಥರದ ರಾಕ್ ಬ್ಯಾಂಡ್‌ಗಳು ಇನ್ನೊಂದು ಕಡೆ. ಸಂಗೀತ ಅದ್ಭುತ, ಗಲ್ಲಾಪೆಟ್ಟಿಗೆ ಖಾಲಿ. ಸಾಲ ಎಷ್ಟಾಯಿತೆಂದರೆ ಗೇಬ್ರಿಯಲ್‌ಗೆ ಕೊಲೆ ಬೆದರಿಕೆ ಬಂದವು. ಏಳು ವರ್ಷ ಹಿಂದೆ ಬಿಟ್ಟು ಬಂದಿದ್ದ ಜೆನೆಸಿಸ್ ಬ್ಯಾಂಡಿನ ಹಳೇ ಗೆಳೆಯರು ಆಗ ಕೈ ಹಿಡಿದರು. ಅಕ್ಟೋಬರ್ 2, ಮಿಲ್ಟನ್ ಕೀನ್ಸ್‌ನಲ್ಲಿ ಸುರಿಯುವ ಮಳೆಯಲ್ಲಿ ಎಲ್ಲರೂ ಸೇರಿ ಒಂದೇ ಒಂದು ಕಛೇರಿ ಮಾಡಿ ಆ ಸಾಲ ತೀರಿಸಿದರು. ಮನೆ ಬಿಟ್ಟು ಹೋದ ಮಗನ ಸಾಲಕ್ಕೆ ಅಣ್ಣತಮ್ಮಂದಿರು ಗದ್ದೆ ಅಡ ಇಟ್ಟ ಹಾಗೆ.

ಆಮೇಲೆ 1985ರ ವೋಮ್ಯಾಡ್‌ಗೆ ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಬಂದರು. 1989ರಲ್ಲಿ ಗೇಬ್ರಿಯಲ್ ರಿಯಲ್ ವರ್ಲ್ಡ್ ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದ. ನುಸ್ರತ್ ಅವರ ಮಸ್ತ್ ಮಸ್ತ್ ಅಲ್ಲೇ ಬಂದಿದ್ದು. ನಮ್ಮ ಮ್ಯಾಂಡೊಲಿನ್ ಶ್ರೀನಿವಾಸ್ ಅವರ ಡ್ರೀಮ್ ಆಲ್ಬಂ ಕೂಡ ಅದೇ ಕಂಪನಿಯದ್ದು. ಗೇಬ್ರಿಯಲ್‌ನ ಸ್ವಂತದ್ದು ಬೇಕೆಂದರೆ ಪ್ಯಾಶನ್, 1989. ಎಲ್. ಶಂಕರ್ ಅವರ ಜೋಡಿ ಪಿಟೀಲು ಅದರಲ್ಲಿದೆ, ನುಸ್ರತ್ ದನಿಯೂ ಇದೆ. ರಾತ್ರಿ ಘಾಟಿಯಲ್ಲಿ ಮಾತ್ರ ಹಾಕಬೇಡಿ, ಭಯ ಆಗುತ್ತದೆ.

ನಾನು ವೋಮ್ಯಾಡ್‌ಗೆ ಎರಡು ಸಲ ಹೋಗಿದ್ದೇನೆ, ಚಾರ್ಲ್‌ಟನ್ ಪಾರ್ಕ್‌ನಲ್ಲಿ. ಎರಡೂ ಸಲ ಕೆಸರು. ನಮ್ಮ ಸುಗ್ಗಿ ಹಬ್ಬದಲ್ಲಿ ಡೊಳ್ಳಿನ ಹಿಂದೆ ಓಡಿದ ಖುಷಿ ಅಲ್ಲಿ ಮತ್ತೆ ಸಿಕ್ಕಿತು. ಟೆಂಟಿನೊಳಗೆ ನೀರು ನುಗ್ಗಿದ್ದರಿಂದ ಹೆಂಡತಿಗೆ ಆ ಖುಷಿ ಸಿಗಲಿಲ್ಲ.

ಧಾರವಾಡದಿಂದ
ಚೊಲೋ ಬರೆದೀರಿ ರೀ. ಆದರೆ ಒಂದು ಪ್ರಶ್ನೆ. ಈ 'ವರ್ಲ್ಡ್ ಮ್ಯೂಸಿಕ್' ಅನ್ನುವ ಹೆಸರು ಇಟ್ಟವರು ಯಾರು? ನಮ್ಮ ಸಂಗೀತ ವರ್ಲ್ಡು, ಅವರದ್ದು ಬರೀ ಮ್ಯೂಸಿಕ್ಕು. ಅವರೇನು ಚಂದ್ರನ ಮೇಲೆ ಇದ್ದಾರಾ?

ಲೀಡ್ಸ್ ಕನ್ನಡಿಗ
ಅಂಗಡಿಯವರ ಕೆಲಸ ಅದು. 1987ರಲ್ಲಿ ಲಂಡನ್ನಿನ ಎಂಪ್ರೆಸ್ ಆಫ್ ರಷ್ಯಾ ಎಂಬ ಪಬ್ಬಿನ ಮಹಡಿಯಲ್ಲಿ ಸಣ್ಣಪುಟ್ಟ ರೆಕಾರ್ಡ್ ಕಂಪನಿಯವರು ಸೇರಿದ್ದರು. ಮಾಲಿಯದ್ದು, ಬಲ್ಗೇರಿಯಾದ್ದು, ಪಾಕಿಸ್ತಾನದ್ದು ಎಲ್ಲ ಅಂಗಡಿಯಲ್ಲಿ ಯಾವ ಖಾನೆಗೆ ಹಾಕುವುದು ಅಂತ ಗೊತ್ತಾಗದೆ ಮೂಲೆಗೆ ಬೀಳುತ್ತಿದ್ದವು. ಎಲ್ಲಕ್ಕೂ ಸೇರಿಸಿ ಒಂದು ಚೀಟಿ ಅಂಟಿಸೋಣ ಅಂತ ಕೈ ಎತ್ತಿ ತೀರ್ಮಾನ ಮಾಡಿದ ಹೆಸರು. ಗ್ರ್ಯಾಮಿಯವರು 2020ರಲ್ಲಿ ಅದನ್ನು 'ಗ್ಲೋಬಲ್' ಅಂತ ಬದಲಾಯಿಸಿದರು.

ಧಾರವಾಡದಿಂದ
ವರ್ಲ್ಡ್ ತೆಗೆದು ಗ್ಲೋಬ್ ಇಟ್ಟರು. ಭಾರಿ ಬದಲಾವಣೆ ಆತು ನೋಡ್ರಿ.

ಬಾಲ್ಕನಿ ಗಿಟಾರ್
ಇದಕ್ಕೆ ನಮ್ಮದೇ ಉದಾಹರಣೆ ಇದೆಯಲ್ಲ. ರಘು ದೀಕ್ಷಿತ್. ಮೈಸೂರಿನ ಹುಡುಗ ಗಿಟಾರ್ ಹಿಡಿದು, ಪಂಚೆ ಉಟ್ಟು, ಶಿಶುನಾಳ ಷರೀಫರ ಪದ ಹಾಡಿದ. ಇಲ್ಲಿ ನಮಗೆ ಅದು ರಾಕ್. ಕಾಲೇಜ್ ಫೆಸ್ಟಲ್ಲಿ ತಲೆ ಕೊಡವಿಕೊಂಡು ಕುಣಿದಿದ್ದೇವೆ. ಅದೇ ತಂಡ ಇಂಗ್ಲೆಂಡಿಗೆ ಹೋದರೆ ಸಾಂಗ್‌ಲೈನ್ಸ್ ಪತ್ರಿಕೆಯವರು 2011ರಲ್ಲಿ ಹೊಸಬರ ಪ್ರಶಸ್ತಿ ಕೊಟ್ಟರು. ಆ ಪತ್ರಿಕೆ ಇರುವುದೇ ವರ್ಲ್ಡ್ ಮ್ಯೂಸಿಕ್‌ಗೆ. ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಖಾನೆ ಬದಲು.

ಮಂಡ್ಯ ಮೆಟಲ್
ಎಲ್ಲರೂ ಹಾಡಿ ಹೊಗಳುತ್ತಿದ್ದೀರಿ. ಯಾರಾದರೂ ಗ್ರೇಸ್‌ಲ್ಯಾಂಡ್ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಹಾಡುಗಾರ ಪಾಲ್ ಸೈಮನ್ 1985ರಲ್ಲಿ ಜೋಹಾನ್ಸ್‌ಬರ್ಗಿಗೆ ಹೋಗಿ ಆ ಆಲ್ಬಂ ರೆಕಾರ್ಡ್ ಮಾಡಿದಾಗ ದಕ್ಷಿಣ ಆಫ್ರಿಕಾ ಮೇಲೆ ವಿಶ್ವಸಂಸ್ಥೆಯ ಸಾಂಸ್ಕೃತಿಕ ಬಹಿಷ್ಕಾರ ಇತ್ತು. ಅಲ್ಲಿನ ಕರಿಯ ಜನ ಸಾಯುತ್ತಿದ್ದಾಗ ಇವನು ಅವರ ಟ್ಯೂನ್ ತಂದು 1987ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಹೊಡೆದ. ಹಾಡಲ್ಲಿ ಅಪಾರ್ಥೈಡ್ (ವರ್ಣಭೇದ ನೀತಿ) ಬಗ್ಗೆ ಒಂದು ಮಾತಿಲ್ಲ.

ಪಿಟೀಲು ಪುಟ್ಟಿ
ಅರ್ಧ ಸರಿ. ಬಹಿಷ್ಕಾರ ಇದ್ದಿದ್ದು ನಿಜ. ಸೈಮನ್ ಕಛೇರಿ ಮಾಡಿದಾಗ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಮುಂದೆ ಸಂಗೀತಗಾರರಾದ ಬಿಲ್ಲಿ ಬ್ರ್ಯಾಗ್, ಪಾಲ್ ವೆಲ್ಲರ್, ಜೆರ್ರಿ ಡ್ಯಾಮರ್ಸ್ ಥರದವರು ಪ್ರತಿಭಟನೆ ಮಾಡಿದ್ದೂ ನಿಜ. ಆದರೆ ಅದೇ ಕಛೇರಿಯ ಒಳಗೆ ಹಾಡಿದವರು ಯಾರು? ಮಿರಿಯಂ ಮಕೇಬಾ, ಹ್ಯೂ ಮಸೆಕೆಲಾ. ಇಬ್ಬರೂ ದಕ್ಷಿಣ ಆಫ್ರಿಕಾದವರು, ದಶಕಗಳಿಂದ ದೇಶಭ್ರಷ್ಟರು. ಅಪಾರ್ಥೈಡ್ ಅಂದರೆ ಏನು ಅಂತ ಅವರಿಗೆ ಮಂಡ್ಯದಿಂದ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಗೇ ಜೋಹಾನ್ಸ್‌ಬರ್ಗಿನ ವಾದಕರಿಗೆ ಸೈಮನ್ ಕೊಟ್ಟಿದ್ದು ನ್ಯೂಯಾರ್ಕ್ ಯೂನಿಯನ್ ದರದ ಮೂರು ಪಟ್ಟು.

ಮಂಡ್ಯ ಮೆಟಲ್
ಮೂರು ಪಟ್ಟು ಕೊಟ್ಟರೆ ನಿಯಮ ಮುರಿಯಬಹುದಾ? ಟೋಲ್‌ನಲ್ಲಿ ಮೂರು ಪಟ್ಟು ಕೊಟ್ಟು ರಾಂಗ್ ಸೈಡಲ್ಲಿ ಹೋಗಬಹುದಾ? ಮತ್ತೆ ಅಮೆರಿಕದ ಲಾಸ್ ಲೋಬೋಸ್ ಬ್ಯಾಂಡಿನವರನ್ನು ಕೇಳಿ. ಅದೇ ಆಲ್ಬಂನ ಕೊನೇ ಹಾಡು ತಮ್ಮದು, ಹೆಸರು ಕೊಡಲಿಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದ್ದಾರೆ.

ತಂತಿ ಹರಿದವ
ಸೈಮನ್ ಕತೆ ಅದಕ್ಕಿಂತ ಹಳೇದು. ಎಲ್ ಕಾಂಡೋರ್ ಪಾಸಾ, 1970. ಪ್ಯಾರಿಸ್‌ನಲ್ಲಿ ಲಾಸ್ ಇಂಕಾಸ್ ತಂಡದಿಂದ ಕೇಳಿ, ಹಳೇ ಜನಪದ ಅಂತ ನಂಬಿ ಮೇಲೆ ತನ್ನ ಸಾಹಿತ್ಯ ಇಟ್ಟ. ನೋಡಿದರೆ ಅದು ಪೆರುವಿನ ಡೇನಿಯಲ್ ಅಲೋಮಿಯಾ ರೋಬ್ಲೆಸ್ 1913ರಲ್ಲಿ ಬರೆದದ್ದು. ಮಗ ಕೇಸು ಹಾಕಿದ. ಆಮೇಲೆ ಜಗಳವಿಲ್ಲದೆ ಇತ್ಯರ್ಥ ಆಯಿತು, ರೋಬ್ಲೆಸ್ ಹೆಸರೂ ಸೇರಿತು. 'ಜನಪದ' ಅಂದ ಕೂಡಲೇ ಅಪ್ಪ ಅಮ್ಮ ಇಲ್ಲದ ಕೂಸು ಅಂತ ತಿಳಿಯುವ ಚಾಳಿ ನಮ್ಮ ಸಿನಿಮಾದವರಿಗೂ ಇದೆ.

ಪಿಟೀಲು ಪುಟ್ಟಿ
ಲಾಸ್ ಲೋಬೋಸ್ ವಿಷಯಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಅದು ಕೆಟ್ಟದಾಗಿಯೇ ಕಾಣುತ್ತದೆ. ಆದರೆ ಅದೇ ಆಲ್ಬಂನ ಹೋಮ್‌ಲೆಸ್ ಹಾಡಿನ ಕೆಳಗೆ ಜೋಸೆಫ್ ಶಬಲಾಲ ಹೆಸರು ಸೈಮನ್ ಜೊತೆಗೇ ಇದೆ. ಹಾಡಿದ್ದು ಅವರ ತಂಡ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೋ, ಬರೀ ಗಂಟಲು, ಒಂದೂ ವಾದ್ಯವಿಲ್ಲ. ಸೀನ, ನೀವು ರಾಜಕೀಯ ಏನೇ ಯೋಚಿಸಿ, ಅದೊಂದು ಹಾಡು ಹಾಕಿ.

ಬಾಲ್ಕನಿ ಗಿಟಾರ್
ಮತ್ತೆ ಅದೇ ಆಲ್ಬಂನ ಯು ಕ್ಯಾನ್ ಕಾಲ್ ಮಿ ಆಲ್ ಹಾಡಿನ ಬೇಸ್ ಗಿಟಾರ್! ಬಕಿತಿ ಕುಮಾಲೋ. ಆ ಓಟ ಇದೆಯಲ್ಲ, ಅದರ ಎರಡನೇ ಅರ್ಧ ಮೊದಲ ಅರ್ಧದ ಟೇಪನ್ನೇ ಉಲ್ಟಾ ಓಡಿಸಿದ್ದು. ನಾನು ಕಾಲೇಜಲ್ಲಿ ಅದನ್ನು ಎರಡು ತಿಂಗಳು ಪ್ರಾಕ್ಟೀಸ್ ಮಾಡಿದೆ. ಆಮೇಲೆ ಉಲ್ಟಾ ಅಂತ ಗೊತ್ತಾಗಿ ಅತ್ತುಬಿಡಬೇಕು ಅನ್ನಿಸಿತು.

ಮ್ಯೂನಿಕ್ ಮಲ್ನಾಡಿಗ
ಎಲ್ಲ ಇಂಗ್ಲೆಂಡು ಅಮೆರಿಕ. ಜರ್ಮನಿ ಕಡೆ ಯಾರೂ ತಿರುಗಿ ನೋಡಲಿಲ್ಲ, ಅದರಲ್ಲೂ ನಮ್ಮ ಬೆಂಗಳೂರಿನ ನಂಟು ಇರುವ ಕತೆಯೇ ಬಿಟ್ಟುಹೋಯಿತು.

ಮ್ಯೂನಿಕ್‌ನಲ್ಲಿ ಎಂಬ್ರಿಯೋ ಅಂತ ಒಂದು ರಾಕ್ ಬ್ಯಾಂಡು, ಕ್ರಿಸ್ಟಿಯಾನ್ ಬುರ್ಚಾರ್ಡ್ ಎಂಬುವವನದ್ದು. 1978-79ರಲ್ಲಿ ಇವರು ಬಸ್ಸಿನಲ್ಲಿ ಸಾಮಾನು ತುಂಬಿಕೊಂಡು ಜರ್ಮನಿಯಿಂದ ಭಾರತಕ್ಕೆ ರಸ್ತೆಯಲ್ಲೇ ಹೊರಟರು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ. ಕಾಲ ನೋಡಿ, ಇರಾನ್‌ನಲ್ಲಿ ಕ್ರಾಂತಿ ನಡೆಯುತ್ತಿದ್ದ ಸಮಯ. ದಾರಿಯುದ್ದಕ್ಕೂ ಸಿಕ್ಕ ಸಂಗೀತಗಾರರ ಜೊತೆ ನುಡಿಸಿದರು. ಆ ಪ್ರಯಾಣದ ಹಾಡುಗಳೆಲ್ಲ ಎಂಬ್ರಿಯೋಸ್ ರೈಝೆ ಎಂಬ ಜೋಡಿ ರೆಕಾರ್ಡ್ ಆಯಿತು. ಭಾರತದಲ್ಲಿ ಅವರಿಗೆ ಸಿಕ್ಕವರು ಯಾರು ಗೊತ್ತಾ? ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಹಾಡುಗಾರಿಕೆ. 1980ರಲ್ಲಿ ಎಲ್ಲರೂ ಸೇರಿ ಲೈಫ್ ಅಂತ ಒಂದು ಆಲ್ಬಂ ತಂದರು. ಅದರಲ್ಲಿ ಚಾರ್ಲಿ ಮರಿಯಾನೋ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕ. ಅವನು ನಾಗಸ್ವರ ಕಲಿತವನು! ಎಂಬ್ರಿಯೋದಿಂದ ಬೇರೆಯಾದವರು ಡಿಸ್ಸಿಡೆಂಟನ್ ಅಂತ ಇನ್ನೊಂದು ಬ್ಯಾಂಡ್ ಕಟ್ಟಿದರು. ಅವರ 1982ರ ಜರ್ಮನಿಸ್ತಾನ್ ಆಲ್ಬಂನಲ್ಲೂ ಇದೇ ಬೆಂಗಳೂರಿನವರು. ಆಮೇಲೆ ಅವರು ಮೊರಾಕ್ಕೋ ಕಡೆ ಹೊರಳಿದರು.

ಮಾವನವರಿಗೆ ಇಲ್ಲಿಂದ ಒಂದನ್ನೇ ಆರಿಸು ಅಂದರೆ ಜ್ಯೋತಿ. 1983, ಮರಿಯಾನೋ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಕೊನ್ನಕ್ಕೋಲ್, ಅವುಗಳ ನಡುವೆ ಸ್ಯಾಕ್ಸೊಫೋನ್. ಕರಿಬೇವಿನ ಪ್ರಶ್ನೆ ಇಲ್ಲಿ ತಿರುಗುಮುರುಗು. ಅಡುಗೆ ಬೆಂಗಳೂರಿನದ್ದು, ಮೇಲೆ ಉದುರಿಸಿದ್ದು ಅವನು.

ಇಲ್ಲಿನ ಹಳೇ ರೆಕಾರ್ಡ್ ಅಂಗಡಿಯಲ್ಲಿ ನಾನು ಕನ್ನಡದವನು ಅಂದಾಗ ಅಂಗಡಿಯ ಮುದುಕ ಒಳಗಿಂದ ಇದನ್ನು ಎತ್ತಿಕೊಂಡು ಬಂದ. 'ಕರ್ನಾಟಕ' ಅನ್ನುವ ಪದ ಅವನಿಗೆ ಗೊತ್ತಿದ್ದಿದ್ದೇ ಆ ಹೊದಿಕೆಯಿಂದ. ನನಗೆ ಆವತ್ತಿನವರೆಗೆ ಆ ಕಾಲೇಜಿನ ಹೆಸರೇ ಗೊತ್ತಿರಲಿಲ್ಲ, ಬೆಂಗಳೂರಲ್ಲಿ ಒಂಬತ್ತು ವರ್ಷ ಇದ್ದೆ.

ಸ್ಟೇರಿಂಗ್ ಸೀನ
ಇದು ನನಗೂ ಗೊತ್ತಿರಲಿಲ್ಲ! ಪಟ್ಟಿಗೆ ಸೇರಿಸಿದೆ.

ಹಳೇ ಕ್ಯಾಸೆಟ್
ಚೆನ್ನಾಗಿದೆ, ಆದರೆ ಜ್ಯೋತಿ ರಾಕ್ ಅಲ್ಲ.

ಮ್ಯೂನಿಕ್ ಮಲ್ನಾಡಿಗ
ಆಯ್ತು ಸ್ವಾಮಿ, ನೀವು ನಾರ್ವೇಜಿಯನ್ ವುಡ್ ಕೇಳ್ತಾ ಇರಿ.

ಧಾರವಾಡದಿಂದ
ಸ್ಯಾಕ್ಸೊಫೋನ್ ಅಂದರೆ ನಮಗೆ ಕದ್ರಿ ಗೋಪಾಲನಾಥರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮರುಳಾದರು, ವರ್ಷಗಟ್ಟಲೆ ಒದ್ದಾಡಿ ಅದರಲ್ಲಿ ಗಮಕ ತಂದರು. ಅದಕ್ಕೂ ಮೊದಲು ಪಿಟೀಲು ಬಂತಲ್ಲ, ಅದೂ ಪರದೇಶದ್ದೇ. ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿದರು. ಇವರನ್ನು ಯಾರೂ ವರ್ಲ್ಡ್ ಮ್ಯೂಸಿಕ್ ಕಡೆ ಹೊರಳಿದವರು ಅನ್ನಲಿಲ್ಲ.

ಪಿಟೀಲು ಪುಟ್ಟಿ
ವ್ಯತ್ಯಾಸ ಇದೆ. ನಾವು ತಗೊಂಡಿದ್ದು ವಾದ್ಯ, ಸಂಗೀತ ನಮ್ಮದೇ ಇಟ್ಟುಕೊಂಡೆವು. ನಾವು ಪಿಟೀಲು ಹಿಡಿಯುವ ರೀತಿಯೇ ಬೇರೆ. ನೆಲದ ಮೇಲೆ ಕೂತು ತಲೆಭಾಗ ಕಾಲಿಗೆ ಊರುತ್ತೇವೆ. ಅವರು ತಗೊಂಡಿದ್ದು ಸಂಗೀತ.

ಮಂಡ್ಯ ಮೆಟಲ್
ತಗೊಂಡಿದ್ದು ಅನ್ನಿ, ಕದ್ದಿದ್ದು ಅನ್ನಿ.

ಧಾರವಾಡದಿಂದ
ಚೌಡಯ್ಯನವರ ಹೆಸರಲ್ಲಿ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದ್ದೇ ಸಭಾಂಗಣ ಇದೆ. ಅಲ್ಲಿ ಕ್ಯಾಂಟೀನ್ ಕಾಫಿ ಈಗ ಹೆಂಗದ ಯಾರಿಗಾದರೂ ಗೊತ್ತದ ಏನು?

ವೇದಿಕೆ ನಿರ್ವಾಹಕ
ಕಾಫಿಗೆ ಬೇರೆ ಎಳೆ ಇದೆ. ಗಾಡಿ ಸಾಗರದ ರಸ್ತೆಗೆ ತರಬೇಕಾಗಿ ವಿನಂತಿ.

ಸುಮ್ನೆ ಓದುವವ
ಸೀನ ಅವರೇ, ಲೆಡ್ ಜೆಪ್ಲಿನ್ ಅವರ ಕಾಶ್ಮೀರ್ ಹಾಡು ಹಾಕಿದ್ದಿರಾ ಹೋದ ಸಲ? ಹೆಸರು ಹೇಳಿದ್ದರೆ ಮಾವ ಸುಮ್ಮನಿರುತ್ತಿದ್ದರೇನೋ.

ತಂತಿ ಹರಿದವ
ಅದನ್ನು ಬರೆಯುವಾಗ ಅವರ್ಯಾರೂ ಕಾಶ್ಮೀರ ನೋಡಿರಲಿಲ್ಲ. ದಕ್ಷಿಣ ಮೊರಾಕ್ಕೋದ ಮರಳುಗಾಡಲ್ಲಿ ಕಾರಲ್ಲಿ ಹೋಗುವಾಗ ಹುಟ್ಟಿದ ಸಾಹಿತ್ಯ ಅದು. ಆದರೆ ಆ ಬ್ಯಾಂಡಿನ ಗಿಟಾರಿಸ್ಟ್ ಪೇಜ್ ಮತ್ತು ಹಾಡುಗಾರ ಪ್ಲಾಂಟ್ 1972ರಲ್ಲೇ ಬಾಂಬೆಗೆ ಬಂದು ಅಲ್ಲಿನ ವಾದಕರ ಜೊತೆ ತಮ್ಮ ಎರಡು ಹಾಡು ರೆಕಾರ್ಡ್ ಮಾಡಿ ನೋಡಿದ್ದರು. ಪ್ಲಾಂಟ್‌ಗೆ ಆ ಹುಚ್ಚು ಕೊನೆಗೂ ಬಿಡಲಿಲ್ಲ. 1994ರಲ್ಲಿ ಇಬ್ಬರೂ ಮೊರಾಕ್ಕೋದ ಮರಾಕೇಶ್‌ಗೆ ಹೋಗಿ ಗ್ನಾವಾ ಎಂಬ ಅಲ್ಲಿನ ಸಂಗೀತದವರ ಜೊತೆ ಕೂತರು. 2003ರಲ್ಲಿ ಪ್ಲಾಂಟ್ ಮಾಲಿಯ ಮರಳುಗಾಡಿನ ಉತ್ಸವದಲ್ಲೂ ಹಾಡಿದ. ನೋವಿರುವ ಮನುಷ್ಯನೇ, ಆದರೆ ತಿರುಗಾಡಿದ ಮನುಷ್ಯ.

ಬಾಲ್ಕನಿ ಗಿಟಾರ್
ಟಾಕಿಂಗ್ ಹೆಡ್ಸ್ ಬ್ಯಾಂಡ್ ಬಿಟ್ಟುಹೋಯಿತು. ರಿಮೇನ್ ಇನ್ ಲೈಟ್, 1980. ನೈಜೀರಿಯಾದ ಫೆಲಾ ಕುಟಿಯ ಹಾಡುಗಳನ್ನು ಕೇಳಿ ಕೇಳಿ ಮಾಡಿದ್ದು. ಬೆನಿನ್ ದೇಶದ ಆಂಜೆಲಿಕ್ ಕಿಜೋ 2018ರಲ್ಲಿ ಇಡೀ ಆಲ್ಬಂ ತಿರುಗಿ ಹಾಡಿದಳು, ಆಫ್ರಿಕಾದಿಂದ ಹೋದದ್ದನ್ನು ವಾಪಸ್ ತಂದ ಹಾಗೆ. ನನಗೆ ಅವಳದ್ದೇ ಜಾಸ್ತಿ ಇಷ್ಟ. ನಿದ್ದೆ ಬಂದರೆ ಇದನ್ನು ಹಾಕಿ, ಕಾಲು ತಾನಾಗಿ ಆಕ್ಸಿಲರೇಟರ್ ಮೇಲೆ ಹೋಗುತ್ತದೆ. ಸ್ಪೀಡ್ ಕ್ಯಾಮೆರಾ ನೋಡಿಕೊಳ್ಳಿ.

ಬೇ ಏರಿಯಾ ಬೋರ
ಅಮೆರಿಕದ ಗಿಟಾರಿಸ್ಟ್ ರೈ ಕೂಡರ್ ಹೆಸರು ಹೇಳದೆ ಈ ಚರ್ಚೆ ಮುಗಿಸಿದರೆ ಪಾಪ ಬರುತ್ತದೆ. ಎ ಮೀಟಿಂಗ್ ಬೈ ದಿ ರಿವರ್, 1993. ಕೂಡರ್ ಸ್ಲೈಡ್ ಗಿಟಾರ್, ವಿಶ್ವಮೋಹನ ಭಟ್ಟರ ಮೋಹನವೀಣೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಒಂದು ಚರ್ಚಿನಲ್ಲಿ ರಾತ್ರಿ ಕೂತು ನುಡಿಸಿದ್ದು. ರೆಕಾರ್ಡಿಂಗ್‌ಗೆ ಅ​ರ್ಧ ಗಂಟೆ ಮುಂಚೆಯಷ್ಟೇ ಇಬ್ಬರಿಗೂ ಪರಿಚಯ. ತಬಲಾ ಸುಖವಿಂದರ್ ಸಿಂಗ್ ನಾಮಧಾರಿ, ಡುಂಬೆಕ್ ಎಂಬ ಡ್ರಮ್ ಬಾರಿಸಿದ್ದು ಕೂಡರ್‌ನ ಹದಿನಾಲ್ಕು ವರ್ಷದ ಮಗ. ನಾಲ್ಕೇ ನಾಲ್ಕು ಹಾಡು. ಗ್ರ್ಯಾಮಿ ಬಂತು.

ಮಾರನೇ ವರ್ಷ ಮಾಲಿಯ ಅಲಿ ಫರ್ಕಾ ಟೂರೆ ಜೊತೆ ಇನ್ನೊಂದು. 1996ರಲ್ಲಿ ಹವಾನಾಗೆ ಹೋಗಿದ್ದು ಮಾಲಿಯವರನ್ನೂ ಕ್ಯೂಬಾದವರನ್ನೂ ಕೂಡಿಸಿ ನುಡಿಸಲು. ಮಾಲಿಯವರು ಬರಲಾಗಲಿಲ್ಲ. ಸ್ಟುಡಿಯೋ ಬುಕ್ ಆಗಿಬಿಟ್ಟಿದೆ, ಏನು ಮಾಡುವುದು? ಊರಿನ ಹಳೇ ತಲೆಗಳನ್ನು ಹುಡುಕಿ ತಂದರು. ಅದೇ ಬ್ಯುಯೆನಾ ವಿಸ್ಟಾ ಸೋಶಿಯಲ್ ಕ್ಲಬ್. ಕಂಪಾಯ್ ಸೆಗುಂಡೋಗೆ ಆಗ 88 ದಾಟಿತ್ತು. ಮಾವನವರಿಗೆ ಅದನ್ನು ಹೇಳಿ, ತಮಗಿಂತ ದೊಡ್ಡವರು ಹಾಡಿದ್ದಾರೆ ಅಂತ.

ಪಿಟೀಲು ಪುಟ್ಟಿ
ಆ ನದಿ ಆಲ್ಬಂನ ನಾಲ್ಕನೇ ಹಾಡು ಈಸಾ ಲೇಯಿ ಫಿಜಿಯವರು ಬೀಳ್ಕೊಡುವಾಗ ಹಾಡುವ ಹಾಡು. ಮಾವನವರು ರಾಗ ಕೇಳಿದರೆ ಸಿಕ್ಕಿಬೀಳುತ್ತೀರಿ.

ಸ್ಟೇರಿಂಗ್ ಸೀನ
ಎಲ್ಲರಿಗೂ ವರದಿ ಒಪ್ಪಿಸಬೇಕು. ನಿನ್ನೆ ರಾತ್ರಿ ಊರು ಮುಟ್ಟಿದೆವು. ಈಗ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಹೊರಗೆ ಮಳೆ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದೆ.

ಚಾಂಟ್ಸ್ ಆಫ್ ಇಂಡಿಯಾ: ನೆಲಮಂಗಲದವರೆಗೆ ಮಾವನವರೂ ಜೊತೆಗೆ ಹೇಳಿದರು. ನಿರ್ಮಾಣ ಬೀಟಲ್ಸ್‌ನವನದ್ದು ಅಂದಾಗ ನಂಬಲಿಲ್ಲ. ಮೊಬೈಲಲ್ಲಿ ತೋರಿಸಬೇಕಾಯಿತು.

ನದಿ ಆಲ್ಬಂ ತುಮಕೂರಿನಿಂದ. ವಾಲ್ಯೂಮ್ ತಾವೇ ಜಾಸ್ತಿ ಮಾಡಿದರು! ನಾಲ್ಕನೇ ಹಾಡಿಗೆ ಪುಟ್ಟಿ ಮೇಡಂ ಹೇಳಿದ ಹಾಗೇ ರಾಗ ಯಾವುದು ಅಂತ ಬಂತು ಪ್ರಶ್ನೆ. ಫಿಜಿ ಅಂದೆ. "ಫಿಜಿಗೆ ನಮ್ಮವರು ತುಂಬಾ ಜನ ಹೋಗಿದ್ದಾರೆ, ಅದಕ್ಕೇ ಇರಬೇಕು" ಅಂದುಬಿಟ್ಟರು. ವಾದ ಮಾಡಲಿಲ್ಲ ನಾನು.

ಪ್ಲಾನೆಟ್ ಡ್ರಮ್‌ಗೆ ಡ್ಯಾಶ್‌ಬೋರ್ಡ್ ಮೇಲೆ ತಾಳ. ಹಿಂದಿನ ಸೀಟಿನಿಂದ ಹೆಂಡತಿ ತಲೆನೋವು ಅಂದಿದ್ದಕ್ಕೆ ಮೂರನೆಯದಕ್ಕೇ ನಿಲ್ಲಿಸಿದೆವು. ಅರಸೀಕೆರೆಯಲ್ಲಿ ತಿಂಡಿ. ಉಪ್ಪಿಟ್ಟೇ ಇತ್ತು, ನಗಬೇಡಿ.

ಹೋಮ್‌ಲೆಸ್ ಹಾಕಿದಾಗ ನಮ್ಮೂರ ದೇವಸ್ಥಾನದ ಭಜನೆಯವರ ಥರ ಇದ್ದಾರೆ, ಒಬ್ಬ ಎಳೆದರೆ ಉಳಿದವರು ಹಿಡಿಯುತ್ತಾರೆ ಅಂದರು. ಮಂಡ್ಯ ಮೆಟಲ್ ಅವರ ವಾದವನ್ನೂ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು "ಆ ಹುಡುಗ ಹೇಳುವುದು ಸರಿ ಇದೆ" ಅಂದರು. ಆಮೇಲೆ ಅದೇ ಹಾಡು ಮತ್ತೊಂದು ಸಲ ಹಾಕಿಸಿದರು.

ಕೊನೆಗೆ ಜ್ಯೋತಿ. ತರೀಕೆರೆ ದಾಟಿದ ಮೇಲೆ ಹಾಕಿದೆ. ಮಾತೇ ಇಲ್ಲ. ತೊಡೆ ಮೇಲೆ ಬೆರಳು ಎಣಿಸುತ್ತಾ ಕೂತರು. ಒಂದು ಕಡೆ ಲೆಕ್ಕ ತಪ್ಪಿತು. "ಹಿಂದೆ ಹಾಕು" ಅಂದರು. ಮತ್ತೆ ತಪ್ಪಿತು. ನಾಲ್ಕು ಸಲ ಹಿಂದೆ ಹಾಕಿದೆ, ಶಿವಮೊಗ್ಗದ ಸಿಗ್ನಲ್‌ನಲ್ಲಿ ನಿಂತಾಗ ಸಿಕ್ಕಿತು. ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಾಗ ನನ್ನ ಭುಜಕ್ಕೆ ಹೊಡೆದರು, ನೋವಾಯಿತು. ಕರಿಬೇವಿನ ಮಾತು ಆಮೇಲೆ ಬರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅಟ್ಟದಿಂದ ಮೃದಂಗ ಇಳಿಸಿಕೊಂಡು ಕೂತಿದ್ದಾರೆ. ಮೂವತ್ತು ವರ್ಷದಿಂದ ಅಲ್ಲೇ ಇತ್ತಂತೆ. ಚರ್ಮದ ನಡುವಿನ ಕಪ್ಪು ಕರಣೆ ಉದುರಿಹೋಗಿದೆ, ಬಾರು ಸಡಿಲ. ಶಿವಮೊಗ್ಗ ಸಾಗರ ಕಡೆ ಹೊಸ ಮುಚ್ಚಿಗೆ (ಚರ್ಮದ ಹೊದಿಕೆ) ಹಾಕಿಕೊಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ. ಭಾನುವಾರ ವಾಪಸ್ ಹೊರಡುತ್ತೇವೆ.

ಮ್ಯೂನಿಕ್ ಮಲ್ನಾಡಿಗ
ನಮ್ಮ ಚಿಕ್ಕಪ್ಪ ಹಾಕಿಸುತ್ತಿದ್ದರು, ಕೇಳಿ ಹೇಳುತ್ತೇನೆ. ಮೊದಲು ಮರ ನೋಡಿ, ಬಿರುಕು ಬಿಟ್ಟಿದೆಯಾ?

ಸ್ಟೇರಿಂಗ್ ಸೀನ
ಹಲಸಿನ ಮರ, ಗಟ್ಟಿಯಾಗಿದೆ. ಎಡಗಡೆ ಚರ್ಮ ಇಲಿ ತಿಂದಿದೆ.

ಹಳೇ ಕ್ಯಾಸೆಟ್
ಇಲಿಗೆ ರಾಕ್ ಇಷ್ಟ ಇರಬೇಕು.